ಸಿಗ್ನಲ್ ಇಲ್ಲದೂರಿಗೆ ಸಿ-ವಿಜಿಲ್ ಸಾಲದು

ಚುನಾವಣಾ ಅಕ್ರಮದ ದೂರು ಕೊಡಲು ಆಯೋಗ ಮಾಡಿರುವ ಸಿ-ವಿಜಿಲ್ ಆ್ಯಪ್ ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಉಪಯೋಗಕ್ಕೇ ಬರುವುದಿಲ್ಲ. ಫೋಟೊ ಅಥವಾ 2 ನಿಮಿಷದೊಳಗಿನ ವಿಡಿಯೊ ತೆಗೆದು 5 ನಿಮಿಷದೊಳಗೆ ಕಳಿಸಬೇಕು. ಮೊದಲೇ ತೆಗೆದಿಟ್ಟಿದ್ದನ್ನು ಅದು ಸ್ವೀಕರಿಸುವುದಿಲ್ಲ. ಹೊಸನಗರ, ಸಾಗರದ ಶರಾವತಿ ಹಿನ್ನೀರಿನ ಕಡೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಅಷ್ಟರಲ್ಲಿ ದುಡ್ಡು, ಸೀರೆ ಹಂಚುವ ಜೀಪು ಮುಂದಿನ ಊರು ಸೇರಿರುತ್ತದೆ. ಒಂಟಿ ಮನೆಗಳೇ ಜಾಸ್ತಿ ಬೇರೆ, ಪಕ್ಕದ ಮನೆಗೆ ಹೋಗಲೂ ತೋಟ ದಾಟಬೇಕು. ರಾತ್ರಿ ಯಾರು ಬಂದು ಹೋದರೆಂದು ನೋಡುವವರಿಲ್ಲ. ದೂರು ಬಂದಿಲ್ಲ ಎಂದ ಮಾತ್ರಕ್ಕೆ ಅಕ್ರಮ ನಡೆದಿಲ್ಲ ಎನ್ನಲಾಗದು ಅಲ್ವಾ? ತೆಗೆದ ಸಮಯ, ಜಾಗ ದಾಖಲಾಗಿ, ನೆಟ್‌ವರ್ಕ್ ಸಿಕ್ಕಾಗ ದೂರು ತಾನಾಗಿ ಹೋಗುವಂತೆ ಆ್ಯಪ್ ಬದಲಿಸಲಿ. ಮತದಾನದ ಹಿಂದಿನ ಎರಡು ರಾತ್ರಿ ದೂರು ಬಂದ ಕಡೆ ಹೋಗಿ ತಪಾಸಣೆ ಮಾಡುವ ಫ್ಲೈಯಿಂಗ್ ಸ್ಕ್ವಾಡ್ ಇಂಥ ಪಂಚಾಯಿತಿಗಳಲ್ಲೇ ಉಳಿಯಲಿ.

– ಒಬ್ಬ ಮತದಾರ, ಹೊಸನಗರ