73 ನಿಮಿಷದ ವೆಸ್ಟರ್ನ್ ಬಗ್ಗೆ ಬರೆಯುವ ಮುನ್ನ: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಮಿತ್ರರಿಗೆ ನಮಸ್ಕಾರ,

ಬಿಲ್ಲಿ ಜಾನ್ ಎಂಬ ಕೊಲೆಗಾರನನ್ನು ಹಿಡಿದು ಒಯ್ಯುವ ಬ್ರಿಗೇಡ್ ಎಂಬವನ ಕಥೆಯ, 1959ರ ವೆಸ್ಟರ್ನ್ (ಅಮೆರಿಕದ ಪಶ್ಚಿಮ ಸೀಮೆಯ ಕುದುರೆ-ಬಂದೂಕಿನ ಸಿನಿಮಾ) ‘ರೈಡ್ ಲೋನ್‌ಸಮ್’ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಸಿನಿಮಾದ ಮೇಲಿನ ಪ್ರೀತಿ ಎದ್ದು ಕಾಣುತ್ತದೆ. ಆದರೆ ‘ಕಡಿಮೆ ಬಜೆಟ್‌ನಲ್ಲೂ ಅದ್ಭುತ’ ಅನ್ನುವ ಮಾತು ನಾಲ್ಕು ಕಡೆ ಬಂದಿದೆ. ದುಡ್ಡು ಎಲ್ಲಿ ಉಳಿಸಿದರು, ಉಳಿಸಿದ್ದರಿಂದ ಪರದೆಯ ಮೇಲೆ ಏನಾಯಿತು ಅನ್ನುವುದು ಒಂದು ಕಡೆಯೂ ಇಲ್ಲ. ನಿಮ್ಮ ಲೇಖನ ನಿಲ್ಲಬೇಕಾದದ್ದೇ ಆ ಪ್ರಶ್ನೆಯ ಮೇಲೆ.

ಮೊದಲು, ನೀವು ನೋಡಿದ ಪ್ರತಿ ಯಾವುದು ಅಂತ ಪರೀಕ್ಷಿಸಿ. ಇದು ಸಿನೆಮಾಸ್ಕೋಪ್ (ಅಗಲ ಪರದೆಯ) ಚಿತ್ರ, ಅಗಲ-ಎತ್ತರ 2.35:1. ಹಳೆಯ ಟಿವಿಗೆಂದು 4:3ಕ್ಕೆ ಕತ್ತರಿಸಿದ ಪ್ರತಿಯಲ್ಲಿ ಚೌಕಟ್ಟಿನ ಶೇ. 40ಕ್ಕಿಂತ ಹೆಚ್ಚು ಭಾಗ ಹೋಗಿರುತ್ತದೆ. ‘ಮಾತಾಡುವವರ ಮುಖದಿಂದ ಮುಖಕ್ಕೆ ಚುರುಕಾದ ಕಟ್’ ಎಂದು ನೀವು ಬರೆದಿರುವುದನ್ನು ನೋಡಿದರೆ ನನಗೆ ಅನುಮಾನ. ನಿರ್ದೇಶಕ ಬಡ್ ಬೆಟಿಕರ್ ಮತ್ತು ಛಾಯಾಗ್ರಾಹಕ ಚಾರ್ಲ್ಸ್ ಲಾಟನ್ ಜೂನಿಯರ್ ಇಬ್ಬರನ್ನೋ ಮೂವರನ್ನೋ ಕುದುರೆ ಮೇಲೆ ಅಕ್ಕಪಕ್ಕ ಕೂರಿಸಿ, ಇಡೀ ಮಾತುಕತೆಯನ್ನು ಒಂದೇ ಶಾಟ್‌ನಲ್ಲಿ ಹಿಡಿಯುತ್ತಾರೆ. ಕತ್ತರಿಸಿದ ಪ್ರತಿಯಲ್ಲಿ ಅದೇ ಶಾಟ್ ಎರಡು ತುಂಡಾಗಿ, ನಡುವೆ ಇಲ್ಲದ ಕಟ್ ಹುಟ್ಟಿಕೊಳ್ಳುತ್ತದೆ. ಕೇಳಿಸಿಕೊಳ್ಳುತ್ತಿರುವವನ ಮುಖ ಮಾಯವಾಗುತ್ತದೆ. ಈ ಚಿತ್ರದಲ್ಲಿ ಅರ್ಧ ನಟನೆ ಇರುವುದೇ ಆ ಮುಖದಲ್ಲಿ.

ಮೊದಲ ಸಲ ನಿಲ್ಲಿಸದೆ ನೋಡಿ. ಎರಡನೇ ಸಲ ಸದ್ದು ಆರಿಸಿ, ಪ್ರತಿ ದೃಶ್ಯಕ್ಕೂ ಸಮಯ ಹಾಕಿಕೊಂಡು ಮೂರೇ ವಿಷಯ ಬರೆದುಕೊಳ್ಳಿ: ಚೌಕಟ್ಟಿನಲ್ಲಿ ಯಾರಿದ್ದಾರೆ, ಯಾರು ಎತ್ತರದಲ್ಲಿದ್ದಾರೆ, ಯಾರು ಯಾರ ಕಡೆ ನೋಡುತ್ತಿಲ್ಲ. ಮೂರನೇ ಸಲ ಬರೀ ಮಾತಿಗೆ ಕಿವಿಗೊಡಿ.

ಆಗ ಉಳಿತಾಯದ ಲೆಕ್ಕ ತಾನಾಗಿ ಕಾಣುತ್ತದೆ. ಕಥೆಯಲ್ಲಿ ಊರೇ ಇಲ್ಲ. ಊರಿಲ್ಲದ ಮೇಲೆ ಸಲೂನ್ (ಹೆಂಡದಂಗಡಿ) ಇಲ್ಲ, ಬೀದಿಯ ಸೆಟ್ ಇಲ್ಲ, ಬೀದಿ ತುಂಬಿಸಲು ಜನವೂ ಬೇಡ. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಹತ್ತಿರದ ಅಲಬಾಮಾ ಹಿಲ್ಸ್ ಸುತ್ತಮುತ್ತ. ಉರುಟು ಗ್ರಾನೈಟ್ ಬಂಡೆಗಳು, ಬೆನ್ನಿಗೆ ಸಿಯೆರಾ ನೆವಾಡಾ ಪರ್ವತಗಳ ಗೋಡೆ. ರಾಮನಗರದ ಗುಡ್ಡ ನೋಡಿದ ನಮ್ಮ ಓದುಗರಿಗೆ ಆ ಬಂಡೆಗಳ ಆಕಾರ ಬೇಗ ಹೊಳೆಯುತ್ತದೆ. ಬಂಡೆಸಾಲಿನಿಂದ ಬಯಲಿಗೆ ಇಳಿದರೆ ಬೇರೆಯೇ ದೇಶ ಅನ್ನಿಸುವಂಥ ಜಾಗ. ಬೆಟಿಕರ್ ಅದನ್ನು ಕಥೆಗೇ ಹಚ್ಚಿದರು: ಶುರುವಿನಲ್ಲಿ ಬಂಡೆಗಳ ಸಂದಿಯಲ್ಲಿ ಎಲ್ಲಿ ಯಾರು ಅಡಗಿದ್ದಾರೋ ತಿಳಿಯದು; ಕಥೆ ಮುಂದುವರಿದಂತೆ ಬಯಲು ತೆರೆದುಕೊಳ್ಳುತ್ತದೆ. ಬಯಲಿನಲ್ಲಿ ಅಡಗಲು ಜಾಗವಿಲ್ಲ, ಹಾಗಾಗಿ ನಾಯಕ ಯಾಕೆ ಆ ದಾರಿಯನ್ನೇ ಹಿಡಿದ ಅನ್ನುವ ಪ್ರಶ್ನೆ ಏಳುತ್ತದೆ. ಬರ್ಟ್ ಕೆನಡಿ ಬರೆದ ಚಿತ್ರಕಥೆಯ ಬೀಗ ಇರುವುದು ಅಲ್ಲೇ.

ದಾರಿಯಲ್ಲಿ ಜತೆಯಾಗುವ ಹೆಂಗಸು ಕ್ಯಾರಿಗೆ (ನಟಿ ಕ್ಯಾರೆನ್ ಸ್ಟೀಲ್) ತನ್ನ ಗಂಡ ಸತ್ತ ವಿಷಯ ಗೊತ್ತಾಗುವ ದೃಶ್ಯವನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅದಕ್ಕೆ ಒಂದು ಪ್ಯಾರಾ ಕೊಡಿ. ಅಪಾಚೆ ಬುಡಕಟ್ಟಿನ ಮುಖಂಡ ಬರುತ್ತಾನೆ, ಹೆಂಗಸನ್ನು ಕೊಟ್ಟರೆ ಬದಲಿಗೆ ಕುದುರೆ ಕೊಡುತ್ತೇನೆ ಅನ್ನುತ್ತಾನೆ. ಆ ಕುದುರೆ ಅವಳ ಗಂಡನದು. ದಾಳಿಯನ್ನು ಚಿತ್ರೀಕರಿಸಿಲ್ಲ, ಹೆಣ ತೋರಿಸಿಲ್ಲ. ಒಂದು ಕುದುರೆ, ಅದನ್ನು ಗುರುತು ಹಿಡಿದ ಕ್ಯಾರೆನ್ ಸ್ಟೀಲ್ ಮುಖ, ಅಷ್ಟೇ. ದಾಳಿಯನ್ನು ತೆಗೆಯಲು ಹಣವಿದ್ದಿದ್ದರೆ ಈ ದೃಶ್ಯಕ್ಕೆ ಇಷ್ಟು ಪೆಟ್ಟು ಇರುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇನ್ನು ನಟವರ್ಗ. ಜೇಮ್ಸ್ ಕೋಬರ್ನ್, ಲೀ ವ್ಯಾನ್ ಕ್ಲೀಫ್ ಆಮೇಲೆ ಎಷ್ಟು ದೊಡ್ಡವರಾದರು ಎಂದು ಬರೆದು ನೀವು ಮುಗಿಸಿಬಿಟ್ಟಿದ್ದೀರಿ. ಅದು ಒಂದು ವಾಕ್ಯದ ಮಾಹಿತಿ. ಈ 73 ನಿಮಿಷದಲ್ಲಿ ಅವರು ಮಾಡಿದ್ದೇನು? ಕೋಬರ್ನ್‌ಗೆ ಇದು ಮೊದಲ ಸಿನಿಮಾ. ಅವರ ವಿಟ್, ಪರ್ನೆಲ್ ರಾಬರ್ಟ್ಸ್ ಮಾಡಿರುವ ಬೂನ್‌ನ ಜತೆಗಾರ. ಬಿಲ್ಲಿ ಜಾನ್‌ನನ್ನು ಒಪ್ಪಿಸಿದವರಿಗೆ ಸರ್ಕಾರದ ಕ್ಷಮಾದಾನ ಸಿಗುತ್ತದೆ. ಆಮೇಲೆ ಜಮೀನಿನಲ್ಲಿ ನೀನು ನನ್ನ ಪಾಲುದಾರ ಅನ್ನುತ್ತಾನೆ ಬೂನ್. ಯಾಕೆ ಅಂತ ವಿಟ್ ಕೇಳಿದರೆ, ನೀನಂದ್ರೆ ನನಗಿಷ್ಟ ಅನ್ನುವ ಉತ್ತರ. ಇಷ್ಟು ವರ್ಷ ಜತೆಗಿದ್ದರೂ ಅದು ತನಗೆ ಗೊತ್ತೇ ಇರಲಿಲ್ಲ ಅನ್ನುತ್ತಾನೆ ವಿಟ್. ಕೋಬರ್ನ್ ಇಲ್ಲಿ ಏನೂ ಒತ್ತಿ ಹೇಳುವುದಿಲ್ಲ. ಅದಕ್ಕೇ ಈ ಇಬ್ಬರು ಕೆಟ್ಟವರ ಮೇಲೆ ಪ್ರೀತಿ ಹುಟ್ಟುತ್ತದೆ, ಕೊನೆಗೆ ಗುಂಡು ಯಾರಿಗೆ ಬೀಳಬೇಕೋ ಎಂಬ ಆತಂಕವೂ ಹುಟ್ಟುತ್ತದೆ.

ರ‍್ಯಾಂಡಾಲ್ಫ್ ಸ್ಕಾಟ್ ಹುಟ್ಟಿದ್ದು 1898ರಲ್ಲಿ. ಆಗಲೇ ಅರವತ್ತರ ಪ್ರಾಯ. ‘ಮುಖದಲ್ಲಿ ಭಾವನೆಯೇ ಇಲ್ಲ’ ಎಂದು ದೂರಿದ್ದೀರಿ. ಅವರ ಪಾತ್ರವಾದ ಬ್ರಿಗೇಡ್, ಬಿಲ್ಲಿಯನ್ನು ಹಿಡಿದದ್ದು ಬಹುಮಾನದ ಹಣಕ್ಕಲ್ಲ ಅನ್ನುವುದು ತಡವಾಗಿ ತಿಳಿಯುತ್ತದೆ. ಅಲ್ಲಿಯವರೆಗೆ ಮುಖ ಬಿಟ್ಟುಕೊಟ್ಟರೆ ಕಥೆಯೇ ಸೋರಿಹೋಗುತ್ತದೆ. ಒಳ್ಳೆಯ ಮಾತುಗಳನ್ನೆಲ್ಲ ಎದುರಾಳಿಗಳಿಗೆ ಬಿಟ್ಟು ತಾವು ಸುಮ್ಮನಿರುವುದು ದೊಡ್ಡ ತಾರೆಯೊಬ್ಬರ ಔದಾರ್ಯ, ಅದನ್ನು ಬರೆಯಿರಿ. ಬಿಲ್ಲಿಯ ಅಣ್ಣನಾಗಿ ವ್ಯಾನ್ ಕ್ಲೀಫ್ ತೆರೆಯ ಮೇಲಿರುವುದು ಸ್ವಲ್ಪವೇ ಹೊತ್ತು. ತಾನು ಮಾಡಿದ ಕ್ರೌರ್ಯವನ್ನು ಮರೆತೇಬಿಟ್ಟಿದ್ದೆ ಅನ್ನುವ ಅವರ ಮಾತಿನ ಧಾಟಿ ಕೇಳಿ. ಬಿಲ್ಲಿ ಪಾತ್ರದ ಜೇಮ್ಸ್ ಬೆಸ್ಟ್ ಹೆಸರೇ ನಿಮ್ಮ ಲೇಖನದಲ್ಲಿಲ್ಲ, ಸೇರಿಸಿ.

ಒಂದು ತಪ್ಪು ತಿದ್ದಬೇಕು. ಬೆಟಿಕರ್–ಸ್ಕಾಟ್ ಜೋಡಿಯ ಏಳೂ ಚಿತ್ರಗಳು ಕೊಲಂಬಿಯಾ ಸ್ಟುಡಿಯೋದವು ಎಂದಿದ್ದೀರಿ. 1956ರ ‘ಸೆವೆನ್ ಮೆನ್ ಫ್ರಮ್ ನೌ’ ನಟ ಜಾನ್ ವೇಯ್ನ್ ಅವರ ಬ್ಯಾಟ್‌ಜ್ಯಾಕ್ ಸಂಸ್ಥೆಯದು, ‘ವೆಸ್ಟ್‌ಬೌಂಡ್’ ವಾರ್ನರ್‌ನದು. ಉಳಿದ ಐದು ಮಾತ್ರ ಕೊಲಂಬಿಯಾ. ಕೆನಡಿ ಏಳನ್ನೂ ಬರೆದಿಲ್ಲ. ಇದೂ ಸೇರಿ ನಾಲ್ಕಕ್ಕೆ ಅವರ ಹೆಸರಿದೆ. ಇಷ್ಟೇ ದಿನದಲ್ಲಿ ಶೂಟಿಂಗ್ ಮುಗಿಯಿತು ಅನ್ನುವ ಅಂಕಿ ಹಾಕಬೇಡಿ, ಆ ಸಂಖ್ಯೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ಕೊನೆಯ ದೃಶ್ಯದಲ್ಲಿ ಉರಿಯುವ ನೇಣಿನ ಮರದ ಬಗ್ಗೆ ಬರೆಯುವುದಾದರೆ, ಅಂತ್ಯ ಬಿಟ್ಟುಕೊಡುತ್ತಿದ್ದೇನೆ ಎಂದು ಮೊದಲೇ ಓದುಗರಿಗೆ ತಿಳಿಸಿ. ಹೊಗೆಯ ಜತೆ ಕ್ಯಾಮೆರಾ ಮೇಲೇರುವ ಶಾಟ್‌ಗೆ ಗಡಿಯಾರ ಹಿಡಿದು ಸೆಕೆಂಡ್ ಎಣಿಸಿ, ಆಮೇಲೆ ವಿವರಿಸಿ. ತಿದ್ದಿದ ಪ್ರತಿಯೊಂದಿಗೆ ನಿಮ್ಮ ದೃಶ್ಯವಾರು ಟಿಪ್ಪಣಿಯನ್ನೂ ಕಳಿಸಿಕೊಡಿ, ಎರಡನ್ನೂ ಪಕ್ಕದಲ್ಲಿಟ್ಟು ಓದುತ್ತೇನೆ.

ಇಂತಿ ನಿಮ್ಮ ಹಿತೈಷಿ