ಸಹಿ ಹಾಕುವ ಮುಂಚೆ ವಾಲ್‌ಚಂದರ ಕಥೆ ಕೇಳು

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಕರಾರುಪತ್ರವನ್ನು ಎರಡು ಸಲ ಓದಿದೆ. ಐದು ವರ್ಷ ನಿನ್ನ ವರ್ಕ್‌ಶಾಪಿನಲ್ಲಿ ಆ ದೊಡ್ಡ ಕಂಪನಿಯವರು ಹೇಳಿದ ಪಾರ್ಟ್ಸ್ ಮಾತ್ರ ಮಾಡಬೇಕು, ಅವರನ್ನು ಕೇಳದೆ ಹೊಸ ಮಷೀನ್ ಹಾಕಬಾರದು. ಒಪ್ಪಿದರೆ ಆರ್ಡರ್ ಖಾತ್ರಿ, ಒಪ್ಪದಿದ್ದರೆ ಕೆಲಸ ಬೇರೆಯವರಿಗೆ. "ಬಾಗಿಲು ಮುಚ್ಚಿದರೂ ಸರಿ, ಸಹಿ ಹಾಕಲ್ಲ ದೊಡ್ಡಪ್ಪ" ಅಂತ ಬರೆದಿದ್ದೀಯ. ನಿನ್ನ ಸಿಟ್ಟು ನ್ಯಾಯವಾದದ್ದೇ ಕಣಮ್ಮ. ಆದರೆ ಬಾಗಿಲು ಮುಚ್ಚುವ ಮಾತು ನನಗೆ ಸರಿಕಾಣಲಿಲ್ಲ. ಅದಕ್ಕೇ ಫೋನ್ ಮಾಡದೆ ಕೂತು ಬರೆಯುತ್ತಿದ್ದೇನೆ.

ನಾನು ಜೀವನವಿಡೀ ಕೆಲಸ ಮಾಡಿದ ಎಚ್‌ಎಎಲ್ ಶುರು ಮಾಡಿದವರು ಯಾರು ಗೊತ್ತಾ? ಜಾಸ್ತಿ ಜನ ಸರ್ಕಾರ ಅಂತಾರೆ. ಅಲ್ಲ, ವಾಲ್‌ಚಂದ್ ಹೀರಾಚಂದ್. ನಮ್ಮ ವಿಜಯಪುರದ ಪಕ್ಕದ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದವರು. ಗುಜರಾತಿ ಜೈನರ ಮನೆ, ಹತ್ತಿ ವ್ಯಾಪಾರ, ಬಡ್ಡಿ ವ್ಯವಹಾರ. ಅದು ಅವರಿಗೆ ಹಿಡಿಸಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಫಾಟಕ್ ಅನ್ನುವವರನ್ನು ಜೊತೆ ಮಾಡಿಕೊಂಡು ರೈಲ್ವೆ ಕಂಟ್ರಾಕ್ಟಿಗೆ ಇಳಿದರು. ಕೆಲಸ ಬಲ್ಲವನು ಒಬ್ಬ, ದುಡ್ಡು ಹೊಂದಿಸಬಲ್ಲವನು ಇನ್ನೊಬ್ಬ. ಬಾರ್ಶಿ ಲೈಟ್ ರೈಲ್ವೆಯ ಕೆಲಸದಿಂದ ಶುರುವಾಗಿ, ಮುಂದೆ ಮುಂಬಯಿ-ಪುಣೆ ನಡುವಿನ ಭೋರ್ ಘಾಟಿನಲ್ಲಿ ಸುರಂಗ ಕೊರೆಯುವ ಮಟ್ಟಕ್ಕೆ ಬೆಳೆದರು.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಅವರ ಹಡಗಿನ ಕಥೆ.

ಮೊದಲ ಮಹಾಯುದ್ಧ ಮುಗಿದಾಗ ಗ್ವಾಲಿಯರ್ ಮಹಾರಾಜರು ಆಸ್ಪತ್ರೆಯಾಗಿ ಬಳಸಲು ಕೊಟ್ಟಿದ್ದ 'ಲಾಯಲ್ಟಿ' ಎಂಬ ಹಡಗು ಮಾರಾಟಕ್ಕೆ ಬಂತು. ವಾಲ್‌ಚಂದ್, ನರೋತ್ತಮ ಮೊರಾರ್ಜಿ ಮತ್ತು ಗೆಳೆಯರು ಅದನ್ನು ಕೊಂಡು ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಕಟ್ಟಿದರು. 1919ರ ಏಪ್ರಿಲ್ 5ರಂದು ಆ ಹಡಗು ಮುಂಬಯಿಯಿಂದ ಲಂಡನ್‌ಗೆ ಹೊರಟಿತು. ಇವತ್ತಿಗೂ ದೇಶದಲ್ಲಿ ನೌಕಾಯಾನ ದಿನ ಅಂತ ಆಚರಿಸುವುದು ಆ ತಾರೀಖನ್ನೇ.

ಎದುರಾಳಿ ಸಾಮಾನ್ಯದವನಲ್ಲ. ಲಾರ್ಡ್ ಇಂಚ್‌ಕೇಪ್ ಅವರ ಬ್ರಿಟಿಷ್ ಇಂಡಿಯಾ ಕಂಪನಿ ನಮ್ಮ ಕರಾವಳಿಯನ್ನೇ ತನ್ನದು ಮಾಡಿಕೊಂಡಿತ್ತು. ಯಾವ ಹೊಸಬ ಬಂದರೂ ಹಡಗಿನ ಸಾಗಣೆ ಬಾಡಿಗೆ ಇಳಿಸಿ ಮುಗಿಸಿಬಿಡುತ್ತಿತ್ತು. ತೂತ್ತುಕುಡಿಯ ಚಿದಂಬರಂ ಪಿಳ್ಳೈ 1906ರಲ್ಲಿ ಕಟ್ಟಿದ ಸ್ವದೇಶಿ ಹಡಗು ಕಂಪನಿಗೂ ಹಾಗೇ ಆಯಿತು. ಅವರನ್ನು 1908ರಲ್ಲಿ ಜೈಲಿಗೂ ಹಾಕಿದರು. ಕಂಪನಿ ಉಳಿಯಲಿಲ್ಲ. ಆ ಮಹಾನುಭಾವರ ಧೈರ್ಯ ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ. ಆದರೆ ಅವರ ಹಡಗುಗಳು ಬೇರೆಯವರ ಪಾಲಾದವು, ಅದನ್ನೂ ಮರೆಯಬಾರದು.

ಸಿಂಧಿಯಾ ಮೇಲೂ ಅದೇ ಅಸ್ತ್ರ. ಬಾಡಿಗೆ ಇಳಿಯುತ್ತಲೇ ಹೋಯಿತು, ನಷ್ಟ ಏರುತ್ತಲೇ ಹೋಯಿತು. ಕಂಪನಿಯನ್ನೇ ಕೊಂಡುಕೊಳ್ಳುತ್ತೇನೆ ಅಂತ ಇಂಚ್‌ಕೇಪ್ ಕೇಳಿದಾಗ ಇವರು ಒಪ್ಪಲಿಲ್ಲ. ಆದರೆ 1923ರಲ್ಲಿ ಒಂದು ಕರಾರಿಗೆ ಸಹಿ ಬಿತ್ತು. ಹತ್ತು ವರ್ಷ ಕರಾವಳಿ ವ್ಯಾಪಾರ ಮಾತ್ರ, ಹೊರದೇಶದ ದಾರಿಗೆ ಹೋಗುವ ಹಾಗಿಲ್ಲ. ಹಡಗುಗಳ ಒಟ್ಟು ಟನ್ನೇಜಿಗೂ, ಅಂದರೆ ಒಟ್ಟು ಗಾತ್ರಕ್ಕೂ, ಮಿತಿ. ಲಂಡನ್‌ವರೆಗೆ ಹಡಗು ಓಡಿಸಿದವರಿಗೆ ಅದೆಷ್ಟು ಕಹಿಯಾಗಿರಬೇಕು, ಯೋಚಿಸು.

ಹಾಗಂತ ಕೈಕಟ್ಟಿ ಕೂರಲಿಲ್ಲ. ಕರಾವಳಿ ವ್ಯಾಪಾರ ಭಾರತೀಯ ಹಡಗುಗಳಿಗೇ ಸಿಗಬೇಕು ಅನ್ನುವ ಮಾತು ಶಾಸನಸಭೆಯವರೆಗೆ ಹೋಯಿತು. ಹಡಗುಗಳೂ ಓಡುತ್ತಿದ್ದವು, ಕೆಲಸಗಾರರಿಗೆ ಸಂಬಳವೂ ಆಗುತ್ತಿತ್ತು. ಮೊರಾರ್ಜಿ 1929ರಲ್ಲಿ ತೀರಿಕೊಂಡ ಮೇಲೆ ವಾಲ್‌ಚಂದ್ ಅಧ್ಯಕ್ಷರಾದರು. ಕರಾರಿನ ಅವಧಿ ಮುಗಿದಾಗ ಕಂಪನಿ ಜೀವಂತವಾಗಿತ್ತು. ಸ್ವಾತಂತ್ರ್ಯ ಬರುವ ಹೊತ್ತಿಗೆ ದೇಶದ ಅತಿ ದೊಡ್ಡ ಹಡಗು ಕಂಪನಿ ಅದೇ. ವಿಶಾಖಪಟ್ಟಣದ ಅವರ ಹಡಗುಕಟ್ಟೆಗೆ 1941ರಲ್ಲಿ ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದರು. ಅಲ್ಲಿ ಕಟ್ಟಿದ 'ಜಲ ಉಷಾ' ಹಡಗನ್ನು 1948ರಲ್ಲಿ ನೆಹರೂ ನೀರಿಗಿಳಿಸಿದರು.

ನಾನು ಹೇಳುವುದು ಇಷ್ಟೇ, ಮಗಳೇ. ಕಂಪನಿಯನ್ನು ಮಾರುವುದು ಬೇರೆ, ಕಟ್ಟುಪಾಡಿಗೆ ಒಪ್ಪಿ ಉಳಿಯುವುದು ಬೇರೆ. ಸಿಂಧಿಯಾದವರು ಮೊದಲನೆಯದಕ್ಕೆ ಇಲ್ಲ ಅಂದರು, ಎರಡನೆಯದಕ್ಕೆ ಹೂಂ ಅಂದರು. ಅದೂ ಅವಧಿ ಗೊತ್ತುಮಾಡಿಕೊಂಡು. ನಿನ್ನ ಹತ್ತಿರ ಹನ್ನೊಂದು ಜನ ಕೆಲಸಕ್ಕಿದ್ದಾರೆ. ನೀನು ಬಾಗಿಲು ಹಾಕಿದರೆ ಆ ದೊಡ್ಡ ಕಂಪನಿಗೇನೂ ಆಗಲ್ಲ. ಕೈಗೆ ಕೆಲಸ ಹತ್ತಿದ ಹುಡುಗರು ಚದುರಿಹೋಗುತ್ತಾರೆ ಅಷ್ಟೇ. ಮತ್ತೆ ಅಂಥವರನ್ನು ಕೂಡಿಸೋದು ಸುಮ್ನೆ ಆಗೋ ಕೆಲಸವಲ್ಲ.

ಎಚ್‌ಎಎಲ್ ಕಥೆಯನ್ನೂ ಹೇಳಿಬಿಡುತ್ತೇನೆ. 1939ರಲ್ಲಿ ವಿಮಾನ ಪ್ರಯಾಣದಲ್ಲಿ ವಾಲ್‌ಚಂದರಿಗೆ ಪಾಲಿ ಎಂಬ ಅಮೆರಿಕನ್ ಸಿಕ್ಕಿದ. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಆ ಮಾತುಕತೆಯಿಂದ ಹುಟ್ಟಿದ ಯೋಚನೆಗೆ ನಮ್ಮ ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, ದುಡ್ಡೂ ಹಾಕಿತು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ಮರುವರ್ಷ ಆಗಸ್ಟಿನಲ್ಲೇ ಹಾರ್ಲೋ ತರಬೇತಿ ವಿಮಾನ ಹಾರಿತು. ಆದರೆ ಯುದ್ಧ ಹತ್ತಿರ ಬಂದಾಗ, 1942ರಲ್ಲಿ, ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಆಸೆಪಟ್ಟು ಕಟ್ಟಿದ ಕಾರ್ಖಾನೆ ಕೈಬಿಟ್ಟುಹೋಯಿತು. ಅವರು ಮೋಟಾರು ಕಾರಿನ ಕಡೆ ತಿರುಗಿದರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು.

ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಹಡಗು, ವಿಮಾನ, ಕಾರು, ಸಕ್ಕರೆ, ಕಟ್ಟಡ, ಎಲ್ಲವನ್ನೂ ಒಟ್ಟೊಟ್ಟಿಗೆ ಹೊತ್ತುಕೊಂಡರು. ಆ ಭಾರ ನಿನ್ನಂಥವರಿಗೆ ಬೇಡ. ನೀನು ಈ ಐದು ವರ್ಷ ಅಳತೆ ತಪ್ಪದ ಕೆಲಸ ಮಾಡಿ ಒಳ್ಳೆಯ ಹೆಸರು ಮಾಡಿಕೊ, ಸಾಲ ತೀರಿಸಿಕೊ. ಅಷ್ಟಾದರೆ ದೊಡ್ಡದು.

ಆದರೆ ಬಂದ ಪತ್ರಕ್ಕೆ ಹಾಗೇ ಸಹಿ ಹಾಕಬೇಡ. ಐದರ ಬದಲು ಮೂರು ವರ್ಷ ಕೇಳು, ಕೊನೆಗೆ ನಾಲ್ಕಕ್ಕೆ ಬಂದರೂ ಪರವಾಗಿಲ್ಲ. ಅವಧಿ ತಾನಾಗಿಯೇ ಮುಂದುವರಿಯುತ್ತದೆ ಅಂತ ಏಳನೇ ಪುಟದಲ್ಲಿ ಒಂದು ಸಾಲಿದೆ, ಅದನ್ನು ತೆಗೆಸಲೇಬೇಕು. ಹಳೆಯ ಮಷೀನ್ ಕೆಟ್ಟರೆ ಹೊಸದು ಹಾಕಲು ಅವರ ಒಪ್ಪಿಗೆ ಬೇಡ ಅಂತ ಬರೆಸಿಕೊ. ಬಿಲ್ಲಿನ ಹಣ ಎಷ್ಟು ದಿನದೊಳಗೆ ಕೊಡುತ್ತಾರೆ ಅನ್ನುವುದು ಎಲ್ಲೂ ಇಲ್ಲ, ಅದನ್ನೂ ಹಾಕಿಸು. ಭಾನುವಾರ ಊಟಕ್ಕೆ ಬಾ, ನಮ್ಮ ಬೀದಿಯ ವಕೀಲರಿಗೆ ಹೇಳಿಟ್ಟಿದ್ದೇನೆ. ಎಲ್ಲ ಪುಟಗಳ ಜೆರಾಕ್ಸ್ ತಗೊಂಡು ಬಾ.

ಇಂತಿ ನಿನ್ನ,
ದೊಡ್ಡಪ್ಪ