ಅಂಗವಿಕಲರ ಪಿಂಚಣಿ ಮರುಪರಿಶೀಲನೆ: ಮಂಡ್ಯದ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಪಿಂಚಣಿ ನಿಯಮ ಬದಲಾಗುತ್ತದೆ, ಎಲ್ಲರಿಗೂ ಮತ್ತೆ ತಪಾಸಣೆ ಎಂದು ಓಡಾಡುತ್ತಿರುವ ಮೆಸೇಜುಗಳಿಂದ ಸುಮಾರು ಜನ ಗಾಬರಿಯಾಗಿದ್ದೀರಿ. ಭಯಕ್ಕೆ ಕಾರಣವಿದೆ. ಅಂಗವೈಕಲ್ಯ ಶೇ. 75 ದಾಟಿದವರಿಗೆ ತಿಂಗಳಿಗೆ 1400 ರೂ., ಅದಕ್ಕಿಂತ ಕಡಿಮೆ ಇದ್ದರೆ 800. ಮರುತಪಾಸಣೆಯಲ್ಲಿ ಒಂದೆರಡು ಅಂಕ ಇಳಿದರೂ 600 ರೂ. ಹೋಗುತ್ತದೆ, ಔಷಧಿ ಖರ್ಚಿಗೆ ಅದು ದೊಡ್ಡ ಏಟು.

ಆದರೆ ಹಣ ನಿಂತ ತಕ್ಷಣ ಪಿಂಚಣಿ ರದ್ದಾಯಿತು ಅಂದುಕೊಳ್ಳಬೇಡಿ. ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಯಾವುದಕ್ಕೋ ಅಂತ ಹೊಸದಾಗಿ ಅಂಚೆ ಬ್ಯಾಂಕ್ ಖಾತೆ ತೆರೆದಿದ್ದರೆ ಮೊದಲು ಅದರ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಅಲ್ಲೂ ಇಲ್ಲದಿದ್ದರೆ ಪಿಂಚಣಿ ಆದೇಶ ಪತ್ರ, ಆಧಾರ್, ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ತರ ಇದೆಯಾ ನೋಡಿ, ಆಮೇಲೆ ನಾಡಕಚೇರಿಗೆ ಹೋಗಿ. ನಿಲ್ಲಿಸಿದ ಕಾರಣ ಬರಹದಲ್ಲೇ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ.

ಯುಡಿಐಡಿ ಇನ್ನೂ ಬಾರದವರು ತಡಮಾಡಬೇಡಿ. 2024ರ ತಿದ್ದುಪಡಿ ನಿಯಮದಂತೆ 2 ವರ್ಷದೊಳಗೆ ತೀರ್ಮಾನವಾಗದ ಅರ್ಜಿ ಬಿದ್ದುಹೋಗುತ್ತದೆ. ತಪಾಸಣೆಗೆ ಕರೆದ ದಿನ ತಪ್ಪಿಸಿಕೊಂಡವರಿಗೇ ಇದು ಹೆಚ್ಚು ಹೊಡೆತ. ತಾತ್ಕಾಲಿಕ ಪ್ರಮಾಣಪತ್ರ ಇರುವವರು, ಅದರಲ್ಲೂ ಚಿಕ್ಕಮಕ್ಕಳ ತಂದೆತಾಯಿ, ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಹಾಕಿ.

ತಪಾಸಣೆಗೆ ಮಿಮ್ಸ್‌ಗೆ (ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಹೋಗುವಾಗ ಹಳೇ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಎಲ್ಲ ಇರಲಿ. ಶೇಕಡಾವಾರು ಅನ್ಯಾಯವಾಗಿ ಇಳಿಸಿದ್ದಾರೆ ಅನ್ನಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಮೂಲಪ್ರತಿ ಯಾರ ಕೈಗೂ ಬಿಟ್ಟುಬರಬೇಡಿ, ಜೆರಾಕ್ಸ್ ಕೊಡಿ.